ಮುಳ್ಳಿನ ಬಾಲದಲ್ಲಿ ಸೀಟಿ

“ಏಣಿ ಗಟ್ಟಿಯಾಗಿ ಹಿಡ್ಕೋಮ್ಮ. ನಾನು ಬಿದ್ರೆ ಎತ್ತೋಕೆ ಬೀದಿಯವರನ್ನೆಲ್ಲ ಕರೀಬೇಕಾಗುತ್ತೆ,” ಎಂದಳು ದಫೇದಾರಮ್ಮ, ಏಣಿಯ ನಡುವಿನ ಮೆಟ್ಟಿಲ ಮೇಲೆ ನಿಂತು.

“ಇಳೀರಿ ಅತ್ತಿಗೆ. ಕಣ್ಣಿನ ಕಟ್ಟು ಬಿಚ್ಚಿ ಇನ್ನೂ ಎಷ್ಟು ದಿನ ಆಯ್ತು? ನಿಮ್ಮ ತಮ್ಮ ಬರ್ಲಿ, ಅವರು ನೋಡ್ತಾರೆ,” ಎಂದಳು ಕೆಳಗಿನಿಂದ ತಮ್ಮನ ಹೆಂಡತಿ.

“ಅವನು ಬರೋ ಹೊತ್ತಿಗೆ ಬೆಳಕು ಹೋಗಿರುತ್ತೆ. ಹೊಸ ಕಣ್ಣು ಹಾಕಿಸ್ಕೊಂಡಿರೋದು ಅಲಂಕಾರಕ್ಕಲ್ಲ. ಸ್ಕ್ರೂಡ್ರೈವರ್ ಕೊಡು.”

ಅವಳ ಮುಖದ ಎದುರಿಗೆ, ಹಜಾರದ ಗೋಡೆಯ ಮುಕ್ಕಾಲು ಪಾಲನ್ನು ನುಂಗಿಕೊಂಡು, ಅವಳು ಊರಲ್ಲಿಲ್ಲದಾಗ ಕಟ್ಟಿದ ಆ ಗಡಿಯಾರ ಕೂತಿತ್ತು.

ಅದು ಈ ಮನೆಯ ಊಟದ ಮೇಜು. ಅಪ್ಪ, ಅಮ್ಮ, ಮಗಳು ಸುತ್ತ ಕೂತು ಉಣ್ಣುತ್ತಿದ್ದ ದುಂಡು ಮೇಜಿನ ಕಾಲು ಕತ್ತರಿಸಿ, ಹಲಗೆಯನ್ನು ಗೋಡೆಗೆ ಏರಿಸಿದ್ದರು. ಈಗ ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದಿಷ್ಟು ತಿನ್ನುತ್ತಾರೆ. ಮೂರನೆಯ ಕುರ್ಚಿ ಖಾಲಿ ಇರುವ ಮೇಜು ಯಾರಿಗೆ ಬೇಕು?

ಗಂಟೆಯ ಅಂಕಿಗಳಿರಬೇಕಾದ ಜಾಗದಲ್ಲೆಲ್ಲ ಮಗಳ ಸಾಮಾನು. ಒಂದರ ಜಾಗದಲ್ಲಿ ಅವಳು ಮೊದಲು ಮೆಟ್ಟಿದ ಚಪ್ಪಲಿ, ಬೆರಳುದ್ದದ್ದು. ಮೂರರಲ್ಲಿ ಗೋಲಿ. ಐದರಲ್ಲಿ ಸೈಕಲ್ಲಿನ ಗಂಟೆ. ಏಳರಲ್ಲಿ ಹಲ್ಲು ಮುರಿದ ಬಾಚಣಿಗೆ. ಹನ್ನೆರಡರಲ್ಲಿ ಬಸ್ ಡಿಪೋದವರು ಕೊಟ್ಟಿದ್ದ ಕಂಡಕ್ಟರ್ ಬಿಲ್ಲೆ. ಚಿಕ್ಕ ಮುಳ್ಳು ಅವಳ ಶಾಲೆಯ ಮರದ ಸ್ಕೇಲು. ದೊಡ್ಡ ಮುಳ್ಳು, ಕೊಡೆಯ ಎರಡು ಕಡ್ಡಿ ಜೋಡಿಸಿ ಕಟ್ಟಿದ್ದು.

ಕೊಡೆ ಅಂದರೆ ಅದೇ ಕೊಡೆ. ಕಳೆದ ವರ್ಷ ಕೊನೆಯ ಬಸ್ಸಿನ ಡ್ಯೂಟಿ ಮುಗಿಸಿ ಮನೆಗೆ ಹೊರಟ ಮಗಳು ಗುಬ್ಬಿ, ಸೇತುವೆಯ ಹತ್ತಿರ ಕಾಣೆಯಾದಾಗ ನದಿ ದಂಡೆಯಲ್ಲಿ ಸಿಕ್ಕಿದ್ದು ಅದೊಂದೇ. ಹೆಣ ಸಿಗಲಿಲ್ಲ. ನದಿ ತಗೊಂಡು ಹೋಯಿತು ಎಂದು ಪೊಲೀಸರು ಬರೆದರು, ಊರು ನಂಬಿತು. ಆದರೆ ದಫೇದಾರಮ್ಮ ಒಬ್ಬಳು ನಂಬಲಿಲ್ಲ. ಅವಳು ಪೊಲೀಸು ಕೆಲಸದಿಂದ ನಿವೃತ್ತಳಾಗಿದ್ದಳೇ ಹೊರತು, ಗುಬ್ಬಿಯ ಸೋದರತ್ತೆಯ ಕೆಲಸದಿಂದ ನಿವೃತ್ತಳಾಗಿರಲಿಲ್ಲ.

ದೊಡ್ಡ ಮುಳ್ಳಿನ ಬಾಲದ ತುದಿಯಲ್ಲಿ, ತಗಡಿನ ಪಟ್ಟಿಯೊಂದರ ಕೆಳಗೆ, ಒಂದು ಸೀಟಿ ಹೊಳೆಯುತ್ತಿತ್ತು.

ಅದನ್ನು ಹಿಡಿದ ಎರಡು ಸ್ಕ್ರೂಗಳನ್ನು ಅವಳು ನೋಡಿದಳು. ತಲೆಯ ಗೀರುಗಳು ಎರಡೂ ನೆಟ್ಟಗೆ, ಮೇಲಕ್ಕೆ ಮುಖ ಮಾಡಿ ನಿಂತಿದ್ದವು. ಸ್ಕ್ರೂ ಇರಬೇಕಾದದ್ದೇ ಹಾಗೆ. ಹಾಗಾಗಿ ಅದು ಅವಳ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ.

ಸೀಟಿ ಬಿಚ್ಚಿ ಅಂಗೈಗೆ ಬಂತು. ದಫೇದಾರಮ್ಮ ಹಾಗೇ ನಿಂತಳು.

“ಏನಾಯ್ತು ಅತ್ತಿಗೆ?”

“ಏನಿಲ್ಲ. ಸ್ವಲ್ಪ ನೀರು ತಾ. ಗಂಟಲು ಒಣಗಿದೆ.”

ತಮ್ಮನ ಹೆಂಡತಿ ಒಳಗೆ ಹೋದದ್ದೇ ತಡ, ದಫೇದಾರಮ್ಮ ಏಣಿ ಇಳಿದು ಕಿಟಕಿಯ ಬೆಳಕಿಗೆ ಬಂದಳು. ಅವಳದೇ ಸೀಟಿ ಅದು, ಅಂದರೆ ಅವಳದಾಗಿರಬೇಕಿತ್ತು. ಕೆಲಸಕ್ಕೆ ಸೇರಿದ ದಿನದಿಂದ ಅವಳ ಎದೆಯ ಮೇಲೆ ತೂಗಿದ ಹಿತ್ತಾಳೆಯ ಸೀಟಿ. ನಿವೃತ್ತಿಯ ದಿನ ಅದನ್ನು ತೆಗೆದು ಗುಬ್ಬಿಯ ಕೊರಳಿಗೆ ಹಾಕಿದ್ದಳು. “ಇದು ಊದಿದ್ರೆ ಬಸ್ಸಲ್ಲ, ಲಾರಿನೂ ನಿಲ್ಲುತ್ತೆ ಅತ್ತೆ,” ಎಂದು ನಕ್ಕಿದ್ದಳು ಹುಡುಗಿ. ಕೈಯಲ್ಲಿ ಹಿಡಿದರೆ ಸೇರಿನ ಕಲ್ಲಿನ ಹಾಗೆ ತೂಗುತ್ತಿತ್ತು.

ಇದು ಒಣಗಿದ ಕಡಲೆಸಿಪ್ಪೆಯ ಹಾಗಿತ್ತು.

ಉಗುರಿನಿಂದ ಕೆರೆದಳು. ಹಳದಿ ಬಣ್ಣ ಎದ್ದು, ಕೆಳಗೆ ಬಿಳಿ ತಗಡು ಕಂಡಿತು.

ಆದರೂ ಮನಸ್ಸು ಒಪ್ಪದೆ, ತುಟಿಗೆ ಇಟ್ಟು ಮೆಲ್ಲಗೆ ಊದಿದಳು. ಕೀಚಲು ದನಿ.

ಒಳಗೆ ಚೊಂಬು ಬಿದ್ದ ಸದ್ದಾಯಿತು. ತಮ್ಮನ ಹೆಂಡತಿ ಒದ್ದೆ ಕಾಲಲ್ಲಿ ಓಡಿಬಂದಳು. ಅವಳ ಮುಖದಲ್ಲಿ ಇದ್ದದ್ದು ಗಾಬರಿಯಾಗಿದ್ದರೆ ದಫೇದಾರಮ್ಮ ತಡೆದುಕೊಳ್ಳುತ್ತಿದ್ದಳು. ಅಲ್ಲಿದ್ದದ್ದು ನಗು.

“ಬಂದ್ಲಾ?” ಎಂದಳು, ಬಾಗಿಲ ಕಡೆ ನೋಡುತ್ತಾ.

ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳ ನಗು ಅಲ್ಲೇ ಆರಿತು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, “ಹುಚ್ಚು ನನಗೆ,” ಎಂದಳು. “ಬೀದೀಲಿ ಯಾವ ಬಸ್ಸಿನವಳು ಊದಿದ್ರೂ ಹೀಗೇ. ಒಲೆ ಮೇಲಿನ ಹಾಲು ಎಷ್ಟು ಸಲ ಉಕ್ಕಿ ಹೋಗಿದೆಯೋ.”

ದಫೇದಾರಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡಳು. ಕೇಳಲೇಬೇಕಿತ್ತು.

“ಈ ಸೀಟಿ ನಿನಗೆಲ್ಲಿ ಸಿಕ್ತು?”

“ಅಳಿಯ ಗಂಟು ತಂದುಕೊಟ್ನಲ್ಲ, ಅವಳ ಬಟ್ಟೆಬರೆ, ಡಿಪೋ ಸಾಮಾನು ಎಲ್ಲ ಕಟ್ಟಿ. ಅದನ್ನ ನಿಮ್ಮ ತಮ್ಮನ ಕೆಲಸದ ಬೆಂಚಿನ ಮೇಲೆ ಬಿಚ್ಚಿ ಹರಡಿಕೊಂಡಿದ್ದೆ. ಎಲ್ಲ ಜೋಡಿಸ್ತಾ ಇದ್ರೆ ಮೊಳೆಗಳ ಮಧ್ಯೆ ಹಳದಿಗೆ ಮಿಂಚಿತು. ನೋಡಿದ್ರೆ ನಿಮ್ಮ ಸೀಟಿ! ಗಂಟಿಂದ ಜಾರಿರಬೇಕು.”

“ಆಗ ಭಾರ ಇತ್ತಾ?”

“ಇರಲ್ವಾ ಮತ್ತೆ? ಅದಕ್ಕೇ ಅಲ್ವೇ ಮುಳ್ಳಿಗೆ ಹಾಕಿದ್ದು. ಕೊಡೆ ಕಡ್ಡಿ ಉದ್ದ, ಮೇಲೆ ಹತ್ತೋವಾಗ ಏದುಸಿರು ಬಿಡ್ತಿತ್ತು. ಬಾಲಕ್ಕೆ ಏನೇನೋ ಕಟ್ಟಿ ನೋಡಿದ್ವಿ, ಒಂದೂ ಸರಿಹೋಗಲಿಲ್ಲ. ನಿಮ್ಮ ತಮ್ಮ ಮಿಲ್ಲಿಗೆ ಮರ ತರೋಕೆ ಹೋಗಿದ್ದ ದಿನ ನಾನೇ ಈ ಸೀಟಿ ಹಾಕಿ ಸ್ಕ್ರೂ ತಿರುವಿದೆ. ನಡೀತು ನೋಡಿ ಅತ್ತಿಗೆ! ಎಣ್ಣೆ ಸುರಿದ ಹಾಗೆ ನಡೀತು. ನಮ್ಮ ಗುಬ್ಬಿನೇ ಬಾಲ ಹಿಡ್ಕೊಂಡು ಎಳೀತಿದ್ದಾಳೆ ಅನ್ನಿಸ್ತು.”

“ಅವನು ಬಂದು ನೋಡಿ ಏನಂದ?”

“ಏನಂತಾರೆ? ನೋಡ್ತಾ ನಿಂತುಬಿಟ್ರು. ಬೆವರು ಕಿತ್ತುಕೊಂಡು ಬಂತು ಪಾಪ. ಅವತ್ತಿಂದ ಆ ಮುಳ್ಳಿಗೆ ಅವರು ಕೈ ಸೋಕಿಸಿಲ್ಲ. ನೋಡೋಕೂ ಆಗಲ್ಲ ಅಂತಾರೆ. ಅಳಿಯನೇ ವಾರವಾರ ಬಂದು ಕೀ ಕೊಟ್ಟು ಹೋಗೋದು. ಇವತ್ತೂ ಬರ್ತಾನೆ.”

“ನಿಂತದ್ದು ಯಾವಾಗ?”

“ನೀವು ಕಣ್ಣಿನ ಆಪರೇಷನ್ ಮುಗಿಸಿ ಮಗನ ಮನೆಯಿಂದ ವಾಪಸ್ ಬರ್ತೀನಿ ಅಂತ ಫೋನ್ ಮಾಡಿದ್ರಲ್ಲ, ಅದರ ಮಾರನೇ ದಿನ. ಅವತ್ತಿಂದ ದೊಡ್ಡ ಮುಳ್ಳು ಒಂಬತ್ತರ ಹತ್ತಿರ ಬಂದು ನಿಂತುಬಿಡುತ್ತೆ. ತಳ್ಳಿದ್ರೆ ಹೋಗುತ್ತೆ, ಮತ್ತೆ ಬಂದು ಅಲ್ಲೇ. ಏನೋ ತೋರಿಸ್ತಿದ್ದಾಳೆ ಅಂತ ನನಗೆ.”

ದಫೇದಾರಮ್ಮ ಮುಳ್ಳು ತೋರಿಸುತ್ತಿದ್ದ ಕಡೆ ನೋಡಿದಳು. ಒಂಬತ್ತರ ಜಾಗದಲ್ಲಿ ಗುಂಡಿಗಳಿದ್ದವು. ಅಂಗಿಯ ಗುಂಡಿಗಳು, ಬಣ್ಣಬಣ್ಣದವು, ಹೂವಿನ ಹಾಗೆ ಜೋಡಿಸಿ ಅಂಟಿಸಿದ್ದು.

“ಈ ಗುಂಡಿಗಳು?”

“ಅಯ್ಯೋ, ಅದೊಂದು ಕಥೆ,” ತಾಯಿಯ ದನಿ ಮೆತ್ತಗಾಯಿತು. “ಮದುವೆ ಆದಮೇಲೆ ಬಂದಾಗಲೆಲ್ಲ ಒಂದು ಅಂಗಿ ಹಿಡ್ಕೊಂಡೇ ಬರ್ತಿದ್ಲು. ಅಮ್ಮಾ, ಗುಂಡಿ ಹೋಯ್ತು, ಹಾಕಿಕೊಡು. ಗುಂಡಿ ಒಂದು ನೆಟ್ಟಗೆ ಇಟ್ಕೊಳ್ಳೋಕೆ ಬರಲ್ವಲ್ಲೇ ನಿನಗೆ ಅಂತ ಬೈತಿದ್ದೆ. ಹಳೇದನ್ನ ಡಬ್ಬೀಲಿ ಹಾಕಿಟ್ಟು, ಹೊಸದು ಹೊಲಿದು ಕೊಡ್ತಿದ್ದೆ. ಬಸ್ಸಿನ ನೂಕುನುಗ್ಗಲು, ಪಾಪ.”

ದಫೇದಾರಮ್ಮ ಮತ್ತೆ ಏಣಿ ಹತ್ತಿದಳು. ಹೊಸ ಕಣ್ಣನ್ನು ಗುಂಡಿಗಳ ಹತ್ತಿರಕ್ಕೆ ಒಯ್ದಳು.

ದಾರ ಸವೆದು ಬಿದ್ದ ಗುಂಡಿ ಒಂಟಿಯಾಗಿ ಬೀಳುತ್ತದೆ. ಇಲ್ಲಿ ಒಂದೊಂದರ ಬೆನ್ನಿಗೂ ಚೂರು ಬಟ್ಟೆ ಅಂಟಿಕೊಂಡೇ ಇತ್ತು. ಹಿಡಿದು ಎಳೆದಾಗ ಬಟ್ಟೆಯನ್ನೂ ಕಿತ್ತುಕೊಂಡು ಬಂದ ಗುಂಡಿಗಳು. ಬಟ್ಟೆಯೋ, ಸಣ್ಣ ಹೂವಿನದು, ಚುಕ್ಕಿಯದು, ಗೆರೆಯದು. ಅದರಲ್ಲಿ ಖಾಕಿ ಒಂದೂ ಇರಲಿಲ್ಲ.

ತಾಯಿ ಅವನ್ನು ಒಂದೊಂದಾಗಿ ಒರೆಸಿ, ಹೂ ಕಟ್ಟಿದ ಹಾಗೆ ಅಂಟಿಸಿದ್ದಳು.

“ಹಾಲು ಉಕ್ಕಿ ಹೋಗೋದೇ ಜಾಸ್ತಿ ಅಂದ್ಯಲ್ಲ,” ಎಂದಳು ದಫೇದಾರಮ್ಮ, ದನಿಯನ್ನು ಹತೋಟಿಯಲ್ಲಿಟ್ಟು. “ಹೋಗಿ ಒಂದಿಷ್ಟು ಹಾಲು ತಗೊಂಡು ಬಾ. ಅಳಿಯಂದಿರು ಬರ್ತಾರಲ್ಲ, ಟೀ ಮಾಡೋಣ. ನಿಧಾನವಾಗಿ ಬಾ, ಅವಸರ ಇಲ್ಲ.”

*

ಅಳಿಯ ಬಾಡಿಗೆ ವ್ಯಾನ್ ಓಡಿಸುವವನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಯ ಗೂಟದಿಂದ ಗಡಿಯಾರದ ಕೀ ತೆಗೆದುಕೊಂಡ ಮೇಲೆಯೇ ಒಳಗೆ ಕೂತವಳನ್ನು ನೋಡಿದ. ಮುಖ ಅರಳಿತು.

“ಓ ದೊಡ್ಡತ್ತೆ! ಯಾವಾಗ ಬಂದ್ರಿ? ಫೋನ್ ಮಾಡಿದ್ರೆ ನಾನೇ ವ್ಯಾನ್ ತರ್ತಿದ್ದೆ.”

“ಬನ್ನಿ ಅಳಿಯಂದಿರೇ. ನಿಮ್ಮ ವ್ಯಾನಲ್ಲಿ ಕೂತ್ರೆ ನನ್ನ ಹೊಸ ಕಣ್ಣು ಕಳಚಿ ಬೀಳುತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ.”

ಅವನು ನಕ್ಕ. ಒಳ್ಳೆಯ ನಗು, ಎಲ್ಲರಿಗೂ ಇಷ್ಟವಾಗುವಂಥದ್ದು. ಸತ್ತವಳ ಮನೆಗೆ ವಾರವಾರ ಬಂದು ಹೋಗುವ ಅಳಿಯ ಎಲ್ಲಿ ಸಿಗುತ್ತಾನೆ ಎಂದು ಬೀದಿಯವರೆಲ್ಲ ಕೊಂಡಾಡುತ್ತಿದ್ದರು.

“ಮಾವ ಇಲ್ವಾ?”

“ಮಿಲ್ಲಿಗೆ ಹೋಗಿದ್ದಾನೆ.”

“ಮತ್ತೆ ಮಿಲ್ಲಿಗಾ?” ಅವನ ದನಿಯಲ್ಲಿ ಬೇಸರ ಇಣುಕಿತು. “ನೀವಾದ್ರೂ ಒಂದು ಮಾತು ಹೇಳಿ ದೊಡ್ಡತ್ತೆ. ಹಿಂದಿನ ಅಂಗಳದಲ್ಲಿ ಹಲಗೆ ಹಾಗೇ ಬಿದ್ದಿದೆ, ಒಂದಕ್ಕೂ ಉಳಿ ತಾಗಿಸಿಲ್ಲ. ಆದ್ರೂ ತರೋದು. ಅದೂ ಬಸ್ಸಲ್ಲಿ! ಮರ ತರೋಕೆ ಬಸ್ಸಲ್ಲಿ ಹೋಗೋರನ್ನ ಎಲ್ಲಾದ್ರೂ ನೋಡಿದ್ದೀರಾ? ನಾನು ವ್ಯಾನಲ್ಲಿ ಕರ್ಕೊಂಡು ಹೋಗ್ತೀನಿ ಅಂದ್ರೆ ಬೇಡ ಅಂತಾರೆ. ನಾನೇನು ಹೊರಗಿನವನಾ?”

“ಮಗಳು ಹೋದ ಮನುಷ್ಯ. ಒಬ್ಬನೇ ಇರ್ಬೇಕು ಅನ್ನಿಸುತ್ತೇನೋ,” ಎಂದಳು ಅವಳು. ಆಮೇಲೆ ಅಂಗೈ ಬಿಚ್ಚಿದಳು. “ಇದೇನು ಹೇಳಿ.”

“ಸೀಟಿ. ಗುಬ್ಬಿದು.”

“ಯಾವ ಸೀಟಿ?”

ಅವನು ಹತ್ತಿರ ಬಂದು ಕೆರೆದ ಜಾಗ ನೋಡಿದ. “ಇದು ಡಿಪೋದವರು ಕೊಟ್ಟ ತಗಡಿನದು. ಗಂಟಲ್ಲಿ ನಾನೇ ಕಟ್ಟಿ ತಂದಿದ್ದೆ. ಯಾಕೆ, ಬಣ್ಣ ಯಾರು ಬಳಿದ್ರು?”

“ಅದನ್ನೇ ನಾನೂ ಕೇಳ್ತಿರೋದು. ಗಂಟಲ್ಲಿ ಹಿತ್ತಾಳೆದೂ ಇತ್ತಲ್ಲ?”

“ಇಲ್ಲ. ಇದೊಂದೇ.”

“ಇತ್ತು. ನಿಮ್ಮತ್ತೆ ಕಣ್ಣಾರೆ ಕಂಡು, ಕೈಯಾರೆ ಈ ಮುಳ್ಳಿಗೆ ಹಾಕಿದ್ದಾಳೆ. ನಾನು ಬರ್ತೀನಿ ಅಂತ ಗೊತ್ತಾದ ತಕ್ಷಣ ಯಾರೋ ಅದನ್ನ ತೆಗೆದು, ಇದಕ್ಕೆ ಬಣ್ಣ ಬಳಿದು ಇಟ್ಟಿದ್ದಾರೆ. ಕೆಳಗೆ ನಿಂತು ನೋಡೋರಿಗೆ ಎರಡೂ ಒಂದೇ. ಮುಳ್ಳಿಗೆ ಗೊತ್ತಾಯ್ತು, ನಿಂತುಬಿಡ್ತು. ಈ ಗಡಿಯಾರಕ್ಕೆ ಕೈ ಹಾಕೋರು ಯಾರು? ಕೀ ಯಾರ ಕೈಯಲ್ಲಿದೆ?”

ಅವನು ಕೈಯಲ್ಲಿದ್ದ ಕೀಯನ್ನು ನೋಡಿಕೊಂಡ.

“ದೊಡ್ಡತ್ತೆ, ಒಂದು ಹಳೇ ಸೀಟಿಗೆ ಇಷ್ಟೊಂದು...”

“ಹಳೇ ಸೀಟಿ ಅಲ್ಲ.” ಅವಳ ದನಿ ಏರಲಿಲ್ಲ, ‘ನೀವು’ ಮಾತ್ರ ಹೋಯಿತು. “ಕೂತ್ಕೋ. ಕೊನೇ ಬಸ್ಸು ನಮ್ಮನೆ ಮುಂದೇನೇ ಹೋಗೋದು ನಿನಗೆ ಗೊತ್ತು. ಅತ್ತೆ ಮನೆ ಬಂತು ಅಂದ್ರೆ ಅವಳು ಎರಡು ಸಲ ಊದ್ತಿದ್ಲು. ಹಿತ್ತಾಳೆ ದನಿ ದಪ್ಪ, ತಗಡಿಂದು ಕೀಚಲು. ಆ ಸಂಜೆನೂ ಊದಿದ್ಲು, ದಪ್ಪ ದನೀಲಿ. ನಾನು ಕಿಟಕೀಲಿ ಕೈ ಬೀಸಿದೆ. ಅಂದ್ರೆ ಆ ಸೀಟಿ ಅವಳ ಕೊರಳಲ್ಲಿತ್ತು. ಅವಳು ನದಿಗೆ ಹೋಗಿದ್ರೆ ಅದೂ ಹೋಗ್ಬೇಕಿತ್ತು. ಅದು ಈ ಮನೆಗೆ ಹೇಗೆ ನಡ್ಕೊಂಡು ಬಂತು?”

ಅಳಿಯನ ಮುಖದ ರಕ್ತ ಇಳಿಯಿತು. ಅವನು ಕೂತ.

“ಚೆನ್ನಾಗಿ ನೆನಪಿದೆಯಾ ನಿಮಗೆ?” ಎಂದ. “ಅವತ್ತು ಊದಿದ್ದು ಹಿತ್ತಾಳೆದೇನಾ?”

“ಅದನ್ನ ಮೂವತ್ತು ವರ್ಷ ಊದಿದವಳು ನಾನು.”

“ಆಮೇಲೆ ಈ ಮನೇಲಿ ಸಿಕ್ತು. ಬೆಂಚಿನ ಮೇಲೆ.”

“ಹೂಂ.”

ಅವನು ಕಣ್ಣು ಒರೆಸಿಕೊಂಡ. ಕಣ್ಣು ಒಣಗಿತ್ತು. ತಪ್ಪಿತಸ್ಥನ ಹೆದರಿಕೆ ಎಂದುಕೊಂಡಳು ದಫೇದಾರಮ್ಮ. ಇಂಥ ಎಷ್ಟು ಮುಖ ನೋಡಿರಲಿಲ್ಲ ಅವಳು!

“ಒಂಬತ್ತರ ಹತ್ತಿರ ಗುಂಡಿಗಳಿವೆ ನೋಡು. ಅವು ಹೇಗೆ ಕಿತ್ತು ಬಂದ್ವು?”

“ಬಸ್ಸಲ್ಲಿ. ಜನ ನೂಕ್ತಾರಲ್ಲ.” ಉತ್ತರ ಪ್ರಶ್ನೆಯ ಬಾಲ ಹಿಡಿದೇ ಬಂತು.

“ಬಸ್ಸಿಗೆ ಅವಳು ಖಾಕಿ ಹಾಕ್ಕೊಂಡು ಹೋಗ್ತಿದ್ಲು. ಆ ಚೂರುಗಳೆಲ್ಲ ಮನೇಲಿ ಹಾಕೋ ಬಟ್ಟೆದು. ನಿನ್ನ ಮನೇಲಿ.”

ಅವನು ಗಡಿಯಾರದಿಂದ ಮುಖ ತಿರುಗಿಸಿದ. ಕೈಯಲ್ಲಿ ಕೀ ಒಂದು ಸಲ ಸುತ್ತಿತು, ಇನ್ನೊಂದು ಸಲ ಸುತ್ತಿತು.

ಸಿಕ್ಕಿಬಿದ್ದ, ಎಂದಿತು ಅವಳ ಮನಸ್ಸು. ಇನ್ನು ಒಂದೇ ಬಾಕಿ. ಹಳೆಯ ಪೊಲೀಸು ಅಭ್ಯಾಸ: ಯಾವ ಕೈ ಬಿಚ್ಚಿದೆಯೋ ಆ ಕೈಯಿಂದಲೇ ಮತ್ತೆ ಮಾಡಿಸಿ ನೋಡುವುದು. ಬಾಯಿ ಸುಳ್ಳು ಹೇಳಬಹುದು, ಕೈಗೆ ಅಷ್ಟು ಜಾಣತನ ಇರುವುದಿಲ್ಲ.

“ತಗೋ,” ಎಂದು ಸೀಟಿ, ಪಟ್ಟಿ, ಸ್ಕ್ರೂಗಳನ್ನು ಅವನ ಕೈಗೆ ಸುರಿದಳು. “ಎಲ್ಲಿತ್ತೋ ಅಲ್ಲಿ ಹಾಕು. ನಿಮ್ಮತ್ತೆ ಬಂದು ಖಾಲಿ ಮುಳ್ಳು ನೋಡೋದು ಬೇಡ.”

ಅವನು ಏಣಿ ಹತ್ತಿದ. ಪಟ್ಟಿಯನ್ನು ಮೊದಲು ತಲೆಕೆಳಗಾಗಿ ಇಟ್ಟ. ತೂತು ಕೂಡಲಿಲ್ಲ. ತಿರುಗಿಸಿದ, ಸೀಟಿ ಜಾರಿ ಬಿತ್ತು. ಎತ್ತಿಕೊಂಡು ಮತ್ತೆ ಇಟ್ಟ. ಹಲ್ಲು ಕಚ್ಚಿ ಒಂದು ಸ್ಕ್ರೂ ತಿರುವಿದ, ಇನ್ನೊಂದು ತಿರುವಿದ, ಇಳಿದ.

ದಫೇದಾರಮ್ಮ ನೋಡಿದಳು. ಈ ಕೈ ಆ ಪಟ್ಟಿಯನ್ನು ಹಿಂದೆಂದೂ ಮುಟ್ಟಿದ್ದಲ್ಲ. ಅದು ಸ್ಪಷ್ಟ.

ಇನ್ನೊಂದು ಕಂಡಿತು. ಒಂದು ಸ್ಕ್ರೂವಿನ ಗೀರು ಓರೆಯಾಗಿ ನಿಂತಿತ್ತು. ಇನ್ನೊಂದರದು ಅಡ್ಡಡ್ಡ ಮಲಗಿತ್ತು.

ತಾನು ಬಿಚ್ಚುವ ಮುಂಚೆ ಹೀಗಿರಲಿಲ್ಲ.

ಗೀರು ನೆಟ್ಟಗಿತ್ತು. ಎರಡೂ ನೆಟ್ಟಗಿದ್ದವು.

ಅವಳ ಅಪ್ಪನ ಕೆಲಸದ ಕೊಠಡಿಯಲ್ಲಿ ಅಕ್ಕ ತಮ್ಮ ಇಬ್ಬರೂ ತುಂಡು ಮರದ ಮೇಲೆ ಸ್ಕ್ರೂ ತಿರುವಿ ಕಲಿತವರು. ಗೀರು ಮೇಲಕ್ಕೆ ನೋಡುವ ತನಕ ಅಪ್ಪ ಬಿಡುತ್ತಿರಲಿಲ್ಲ. “ನೆಟ್ಟಗಿದ್ರೆ, ಸಡಿಲ ಆದ ದಿನ ದೂರದಿಂದಲೇ ಕಾಣುತ್ತೆ. ಸೊಟ್ಟ ಬಿಟ್ಟರೆ ಮರಕ್ಕೆ ಮೋಸ ಮಾಡಿದ ಹಾಗೆ,” ಎನ್ನುತ್ತಿದ್ದ. ಬೇರೆ ಬಡಗಿಗಳು ನಗುತ್ತಿದ್ದರು. ಅಪ್ಪ ಹೋದ. ಆ ಚಾಳಿ ಲೋಕದಲ್ಲಿ ಎರಡೇ ಜೊತೆ ಕೈಗಳಲ್ಲಿ ಉಳಿಯಿತು. ಒಂದು ಜೊತೆ ಈಗ ಅವಳ ಮಡಿಲಲ್ಲಿತ್ತು.

ಸೀಟಿಯನ್ನು ಮೊದಲು ಹಾಕಿದವಳು ತಮ್ಮನ ಹೆಂಡತಿ. ಅವಳಿಗೆ ಈ ಚಾಳಿ ಇಲ್ಲ. ಮುಳ್ಳಿಗೆ ಕೈ ಸೋಕಿಸಿಲ್ಲ ಎಂದವನು ತಮ್ಮ.

ಬೇಡ, ಎಂದುಕೊಂಡಳು. ದೇವರೇ, ಇದೊಂದು ಬೇಡ. ಬೇರೆ ಯಾರಾದರೂ ಆಗಲಿ. ಅವಳು ಎತ್ತಿ ಆಡಿಸಿದ ಕೂಸು ಅವನು. ಮಗಳು ಅತ್ತರೆ ತಾನೂ ಅಳುತ್ತಿದ್ದ ಅಪ್ಪ ಅವನು. ನದಿಯ ದಂಡೆಯಲ್ಲಿ ಆ ಕೊರಳಿಂದ ಸೀಟಿ ಬಿಚ್ಚಿದ ಕೈ ಅವನದಾಗಬಾರದು.

ಅಂಗಳದಲ್ಲಿ ಹಲಗೆ ಇಳಿಸಿದ ಸದ್ದಾಯಿತು.

*

“ಅಕ್ಕಾ! ಯಾವಾಗ ಬಂದೆ?” ಬಡಗಿ ತಮ್ಮ ಒಳಗೆ ಬಂದ. ಹೆಗಲ ಮೇಲೆ ಮರದ ಪುಡಿ, ಕೈಯಲ್ಲಿ ಬಟ್ಟೆಯ ಚೀಲ. ವರ್ಷದಲ್ಲಿ ಹತ್ತು ವರ್ಷ ಮುದುಕನಾಗಿದ್ದ. “ಕಣ್ಣು ಹೇಗಿದೆ? ನಾನು ಕಾಣ್ತೀನಾ?”

“ಕಾಣ್ತೀಯ,” ಎಂದಳು ಅಕ್ಕ. “ಚೆನ್ನಾಗಿ ಕಾಣ್ತೀಯ.”

ಅವನು ಅಳಿಯನಿಗೆ ತಲೆಯಾಡಿಸಿ, ಏಣಿ ನೋಡಿ, ಗಡಿಯಾರದ ಕಡೆ ಕತ್ತೆತ್ತಿದ.

“ಯಾರು ಇದನ್ನ ಬಿಚ್ಚಿದ್ದು?”

“ಮುಳ್ಳು ನಿಂತಿತ್ತಲ್ಲ,” ಎಂದಳು ಅವಳು. “ಅಳಿಯಂದಿರು ನೋಡ್ತಿದ್ರು.”

“ಮಳೆಗಾಲದ ತೇವಕ್ಕೆ ಮರ ಊದಿದೆ, ಅಷ್ಟೇ. ಒಣಗಿದ್ರೆ ತಾನೇ ನಡೆಯುತ್ತೆ,” ಎನ್ನುತ್ತಲೇ ಅವನು ಏಣಿ ಹತ್ತಿದ್ದ. ಮಾತು ಒಂದು ಕಡೆ, ಕೈ ಇನ್ನೊಂದು ಕಡೆ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿದ. ಸ್ಕ್ರೂಡ್ರೈವರ್ ತಗೊಂಡ. ಓರೆಯಾಗಿದ್ದ ಗೀರನ್ನು ನೆಟ್ಟಗೆ ಮಾಡಿದ. ಅಡ್ಡ ಮಲಗಿದ್ದ ಗೀರನ್ನು ಎಬ್ಬಿಸಿ ನಿಲ್ಲಿಸಿದ. ಹೆಬ್ಬೆರಳಿಂದ ಎರಡನ್ನೂ ಒಂದು ಸಲ ಸವರಿದ.

ಇಳಿದು ತಿರುಗಿದಾಗ ಅಕ್ಕನ ಮುಖ ಕಂಡಿತು.

ಅವನು ಮತ್ತೆ ಗಡಿಯಾರ ನೋಡಿದ. ತನ್ನ ಕೈ ನೋಡಿಕೊಂಡ.

ಅಳಿಯ, ಮೂಲೆಯಲ್ಲಿ ನಿಂತವನು, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಓಡಿಸಿ, ಕೊನೆಗೆ ನೆಟ್ಟಗೆ ನಿಂತ ಸ್ಕ್ರೂಗಳ ಮೇಲೆ ನಿಲ್ಲಿಸಿದ.

“ಮಾವ,” ಎಂದ ಮೆಲ್ಲಗೆ. “ಮಿಲ್ಲಲ್ಲಿ ಎಲ್ಲ ಆರಾಮಾ?”

“ಹೂಂ. ಯಾಕೆ?”

“ಸುಮ್ನೆ ಕೇಳಿದೆ.” ಕೀಯನ್ನು ಗೂಟಕ್ಕೆ ತಗುಲಿಸಿದ. ಗಡಿಯಾರಕ್ಕೆ ಕೀ ಕೊಟ್ಟಿರಲಿಲ್ಲ. “ಒಂದು ಬಾಡಿಗೆ ಇದೆ. ಬರ್ತೀನಿ ದೊಡ್ಡತ್ತೆ. ಒಳ್ಳೇ ವಿಷಯ ಹೇಳಿದ್ರಿ.”

ಅವನು ಚಪ್ಪಲಿ ಮೆಟ್ಟುವ ತನಕ ಅವಳು ಕಾದಳು. ಆಮೇಲೆ ತಮ್ಮನ ತೋಳು ಹಿಡಿದಳು.

“ಎಲ್ಲಿ ನನ್ನ ಸೀಟಿ?”

“ಅಕ್ಕಾ...”

“ಅವಳ ಕೊರಳಿಂದ ಯಾವಾಗ ಬಿಚ್ಚಿದೆ? ಬದುಕಿದ್ದಾಗಲೋ, ಆಮೇಲೋ? ಹೇಳು. ನನ್ನ ಕೈಯಿಂದಲೇ ನಿನಗೆ ಬೇಡಿ ಹಾಕಿಸ್ಬೇಡ ಕಣೋ.”

ಅವನು ಕುಸಿದು ನೆಲದ ಮೇಲೆ ಕೂತ. ಚೀಲ ಮಗುಚಿತು. ಅದರಿಂದ ಒಂದು ಅಂಗಿ ಜಾರಿ ಹೊರಗೆ ಬಂತು. ಹೆಣ್ಣುಮಕ್ಕಳ ಅಂಗಿ, ಒಗೆದು ಮಡಿಸಿದ್ದು, ಚುಕ್ಕಿಯದು. ಎಲ್ಲ ಗುಂಡಿಗಳೂ ಇದ್ದವು.

“ಅವಳೇ ಬಿಚ್ಚಿ ಕೊಟ್ಲು,” ಎಂದ. ದನಿ ಗಂಟಲಿನ ಒಳಗೇ ಇತ್ತು. “‘ಇಟ್ಕೋ ಅಪ್ಪಾ, ನನ್ನ ಹತ್ರ ಇದ್ರೆ ಯಾವತ್ತಾದ್ರೂ ಬಾಯಿ ತಪ್ಪಿ ಊದಿಬಿಡ್ತೀನಿ, ಅವನಿಗೆ ಕೇಳಿಬಿಡುತ್ತೆ’ ಅಂದ್ಲು. ಕೊಡೆ ನಾನೇ ದಂಡೇಲಿ ಇಟ್ಟೆ. ಇನ್ನೊಂದು ಸಲ ಆ ಮನೆಗೆ ಕಳಿಸಿದ್ರೆ ನಿಜವಾಗ್ಲೂ ಹೆಣಾನೇ ಬರ್ತಿತ್ತು ಅಕ್ಕಾ. ಅವಳ ಬೆನ್ನು ನೀನು ನೋಡಿಲ್ಲ.”

ದಫೇದಾರಮ್ಮನಿಗೆ ಉಸಿರು ಬಂತು. ಬಂದ ಉಸಿರು ಅಳುವಾಯಿತು. ಗುಬ್ಬಿ ಇದ್ದಾಳೆ. ಮಿಲ್ಲಿನ ಕಡೆ ಎಲ್ಲೋ ನಿಂತು ಬಟ್ಟೆ ಒಗೆಯುತ್ತಿದ್ದಾಳೆ, ಅಪ್ಪನ ದಾರಿ ಕಾಯುತ್ತಿದ್ದಾಳೆ.

“ನಿನ್ನ ಹೆಂಡತಿಗಾದ್ರೂ ಹೇಳ್ಬಾರ್ದಿತ್ತೇನೋ?”

“ಹೇಗೆ ಹೇಳ್ಲಿ? ಅವಳ ಮುಖದಲ್ಲಿ ಏನಿದ್ರೂ ಬೀದಿಗೆಲ್ಲ ಕಾಣುತ್ತೆ. ವಾರವಾರ ಅವನು ಬರೋದು ಕೀ ಕೊಡೋಕಲ್ಲ ಅಕ್ಕಾ. ಇವಳ ಮುಖ ನೋಡೋಕೆ. ಅಳ್ತಿದ್ದಾಳಾ, ಇಲ್ವಾ ಅಂತ. ಅವಳು ಅತ್ತಷ್ಟು ದಿನ ಗುಬ್ಬಿ ಉಳೀತಾಳೆ ಅಂತ ನಾನು ಅವಳನ್ನ ಅಳೋಕೆ ಬಿಟ್ಟೆ. ಈ ಗಡಿಯಾರಕ್ಕೆ ಒಂದೊಂದು ಸಾಮಾನ್ನೂ ಹಿಡ್ಕೊಂಡು ಅವಳು ಅಳ್ತಿದ್ರೆ ನಾನು ತೂತು ಕೊರೀತಾ ಇದ್ದೆ.” ಅವನು ತಲೆಯೆತ್ತಿದ. “ಅವನಿಗೆ ನೀನೇನು ಹೇಳಿದೆ? ಏನೋ ಒಳ್ಳೇ ವಿಷಯ ಅಂದ್ನಲ್ಲ?”

ಅವಳು ಗೂಟದಲ್ಲಿ ತೂಗುತ್ತಿದ್ದ ಕೀಯ ಕಡೆ ನೋಡಿದಳು.

ಹೊರಗೆ ವ್ಯಾನಿನ ಎಂಜಿನ್ ಶುರುವಾಯಿತು. ಪೇಟೆಗೆ ಹೋಗುವುದಾದರೆ ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಬೇಕು. ಸದ್ದು ಬಲಕ್ಕೆ ತಿರುಗಿತು, ನದಿಯ ಮೇಲ್ದಾರಿಗೆ, ಮಿಲ್ಲಿನ ಕಡೆಗೆ.

ಬಡಗಿ ಎದ್ದು ಬಾಗಿಲಿಗೆ ಓಡಿದ. ಓಡಿದವನು ಹೊಸ್ತಿಲಲ್ಲೇ ನಿಂತುಬಿಟ್ಟ.

ಬಾಗಿಲಿಗೆ ಒರಗಿಕೊಂಡು ಅವನ ಹೆಂಡತಿ ನಿಂತಿದ್ದಳು. ಕೈಯಲ್ಲಿದ್ದ ಪಾತ್ರೆ ಓರೆಯಾಗಿ, ಹಾಲು ಅವಳ ಕಾಲಿನ ಮೇಲೆ ಸುರಿಯುತ್ತಿತ್ತು. ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ನೆಲದ ಮೇಲೆ ಬಿದ್ದ ಚುಕ್ಕಿ ಅಂಗಿಯನ್ನು.

“ಈ ಗುಂಡಿ ನಾನು ಹೊಲಿದದ್ದಲ್ಲ,” ಎಂದಳು. “ಯಾರು ಹೊಲಿದ್ರು?”